ಅಮೆರಿಕದಲ್ಲಿ ಮುಸ್ಲಿಂ ವಿರೋಧಿ ಪೂರ್ವಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ ಅಮೆರಿಕಕ್ಕೆ ಹೋಗುವ ಕನ್ನಡಿಗರು, ಅಲ್ಲೇ ನೆಲೆಸಿರುವವರು, ಮಕ್ಕಳನ್ನು ಅಲ್ಲಿಗೆ ಕಳಿಸಿ ಇಲ್ಲಿ ಸುದ್ದಿ ನೋಡುತ್ತ ಕೂತ ತಂದೆತಾಯಿ, ಹೀಗೆ ಹಲವರು ಕೇಳುವ ಪ್ರಶ್ನೆಗಳಿವು. ಮೊದಲರ್ಧದಲ್ಲಿ ಈ ಪೂರ್ವಗ್ರಹ ಹೇಗೆ ಬೆಳೆಯಿತು ಎಂಬುದಿದೆ. ದೂರು, ಗಡುವು, ದಾಖಲೆಗಳ ವಿಷಯ ಮಾತ್ರ ಬೇಕಿದ್ದರೆ ನೇರವಾಗಿ ಕೊನೆಯ ಪ್ರಶ್ನೆಗಳಿಗೆ ಹೋಗಿ.

ಇಸ್ಲಾಂ ಧರ್ಮವನ್ನು ಟೀಕಿಸುವುದೂ ಪೂರ್ವಗ್ರಹವೇ?

ಅಲ್ಲ. ಯಾವ ಧರ್ಮದ ತತ್ವವನ್ನಾದರೂ ಪ್ರಶ್ನಿಸುವ ಹಕ್ಕನ್ನು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಾಯುತ್ತದೆ. ಒಬ್ಬ ವ್ಯಕ್ತಿ ಏನು ಮಾಡಿದ ಎಂದು ನೋಡದೆ ಅವನ ಹೆಸರು, ಗಡ್ಡ, ತಲೆವಸ್ತ್ರ ನೋಡಿಯೇ ತೀರ್ಮಾನಕ್ಕೆ ಬಂದರೆ ಅದು ಪೂರ್ವಗ್ರಹ. ಅದು ಸರ್ಕಾರಿ ಕಚೇರಿಗೆ ಬಂದು ಕೂತಾಗ ಗುರುತಿಸುವುದು ಕಷ್ಟ, ಯಾಕೆಂದರೆ ಅಲ್ಲಿ ಯಾರೂ ಬೈಯುವುದಿಲ್ಲ, ನಿಯಮ ಹೇಳುತ್ತಾರೆ. ಆಗ ಕೇಳಬೇಕಾದ್ದು ಒಂದೇ: ಮಸೀದಿಗೆ ಹಿಡಿದ ಅಳತೆಗೋಲನ್ನೇ ಪಕ್ಕದ ಚರ್ಚಿಗೂ ಹಿಡಿದಿದ್ದಾರೆಯೇ? ಮುಂದಿನ ಬಹುತೇಕ ಉತ್ತರಗಳು ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಇದೆಲ್ಲ 2001ರ ಸೆಪ್ಟೆಂಬರ್ 11ರ ನಂತರ ಶುರುವಾದದ್ದಲ್ಲವೇ?

ಬೇರು ಹಳೆಯದು. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರಲ್ಲಿ ಮುಸ್ಲಿಮರಿದ್ದರು. ಉತ್ತರ ಕೆರೊಲಿನಾದಲ್ಲಿ ಗುಲಾಮನಾಗಿದ್ದ ಒಮರ್ ಇಬ್ನ್ ಸಯೀದ್ 1831ರಲ್ಲಿ ಅರಬ್ಬಿಯಲ್ಲಿ ಬರೆದ ಆತ್ಮಕಥೆ ಇಂದಿಗೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅಂದರೆ ಮುಸ್ಲಿಮರು ಆ ನೆಲಕ್ಕೆ ಹೊಸಬರಲ್ಲ. ಪೌರತ್ವ ‘ಬಿಳಿಯರಿಗೆ’ ಸಿಗುತ್ತದೆ ಎಂಬ ಹಳೆಯ ಕಾನೂನಿನ ಅಡಿಯಲ್ಲಿ ಯೆಮೆನ್ ಮೂಲದ ಒಬ್ಬ ಅರ್ಜಿದಾರನನ್ನು 1942ರಲ್ಲಿ ಮಿಶಿಗನ್‌ನ ನ್ಯಾಯಾಲಯ ತಿರಸ್ಕರಿಸಿತು. ಅವನ ಚರ್ಮದ ಬಣ್ಣದ ಜೊತೆಗೆ ಅವನ ಧರ್ಮವನ್ನೂ ನ್ಯಾಯಾಧೀಶರು ಕಾರಣವಾಗಿ ಎತ್ತಿದರು.

1979ರಲ್ಲಿ ಇರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆಯಿಟ್ಟುಕೊಂಡ ಪ್ರಕರಣದ ಬಳಿಕ ‘ಮುಸ್ಲಿಂ’ ಅಂದರೆ ಟಿವಿ ಪರದೆಯ ಮೇಲಿನ ಸಿಟ್ಟಿನ ಮುಖ ಎಂಬ ಚಿತ್ರ ಮನೆಮನೆಗೆ ಹೋಯಿತು. 1995ರ ಏಪ್ರಿಲ್ 19ರಂದು ಓಕ್ಲಹಾಮ ಸಿಟಿಯ ಸರ್ಕಾರಿ ಕಟ್ಟಡ ಸ್ಫೋಟಗೊಂಡು 168 ಜನ ಸತ್ತಾಗ ಮೊದಲ ಗಂಟೆಗಳ ಬೆರಳು ಮಧ್ಯಪ್ರಾಚ್ಯದ ಕಡೆಗೇ ತಿರುಗಿತ್ತು. ಬಾಂಬ್ ಇಟ್ಟವನು ತಿಮೋತಿ ಮೆಕ್ವೇ, ಅಮೆರಿಕದ ಸೈನ್ಯದಲ್ಲಿದ್ದ ಬಿಳಿಯ.

ಭಯೋತ್ಪಾದಕ ದಾಳಿಗಳೇ ಇದಕ್ಕೆ ಕಾರಣ ಅಲ್ಲವೇ? ಜನರಿಗೆ ಹೆದರಿಕೆ ಸಹಜ ತಾನೇ?

ಹೆದರಿಕೆ ಸಹಜ. ಆದರೆ ಅಂಕಿಗಳು ಇಷ್ಟು ಸರಳ ಕಥೆ ಹೇಳುವುದಿಲ್ಲ. ಎಫ್‌ಬಿಐ ಲೆಕ್ಕದಲ್ಲಿ ಮುಸ್ಲಿಂ ವಿರೋಧಿ ದ್ವೇಷದ ಪ್ರಕರಣಗಳು 2000ದಲ್ಲಿ 28 ಇದ್ದವು, 2001ರಲ್ಲಿ 481ಕ್ಕೆ ಹಾರಿದವು, 2002ರಲ್ಲಿ 155ಕ್ಕೆ ಇಳಿದವು. ಅದೇ ಹೊತ್ತಿಗೆ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಅಮೆರಿಕದ ಮುಸ್ಲಿಮರ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ ಎಂದವರು 2001ರ ಮಾರ್ಚ್‌ನಲ್ಲಿ ಶೇ 45, ದಾಳಿಯಾದ ಎರಡು ತಿಂಗಳ ಮೇಲೆ ಶೇ 59. ದಾಳಿಯ ನಂತರ ಅಭಿಪ್ರಾಯ ಸುಧಾರಿಸಿತ್ತು!

ಇದಕ್ಕೆ ನಮಗೆ ಕಾಣುವ ಮುಖ್ಯ ಕಾರಣ ಮೇಲಿನಿಂದ ಬಂದ ಮಾತು. ದಾಳಿಯಾದ ಆರನೇ ದಿನ, ಸೆಪ್ಟೆಂಬರ್ 17ರಂದು, ಅಧ್ಯಕ್ಷ ಜಾರ್ಜ್ ಬುಷ್ ವಾಷಿಂಗ್ಟನ್‌ನ ಇಸ್ಲಾಮಿಕ್ ಸೆಂಟರ್‌ಗೆ ಹೋಗಿ, ತಲೆವಸ್ತ್ರ ಧರಿಸಿದ ಹೆಂಗಸರು ಮನೆಯಿಂದ ಹೊರಬರಲು ಹೆದರಬಾರದು ಎಂದು ಹೇಳಿದರು. ಅದೇ ಬುಷ್ ಸರ್ಕಾರ ಮುಂದೆ ಮಾಡಿದ್ದು ಬೇರೆ ವಿಷಯ, ಅದು ಕೆಳಗೆ ಬರುತ್ತದೆ. ಆದರೆ ಆ ವಾರದಲ್ಲಿ ಅಧ್ಯಕ್ಷರ ಬಾಯಿಂದ ಬಂದ ಮಾತು ಕೆಲಸ ಮಾಡಿತು.

ಈಗ 2010 ನೋಡಿ. ಆ ವರ್ಷ ಅಮೆರಿಕದಲ್ಲಿ 2001ರಂಥ ದಾಳಿ ಏನೂ ಆಗಲಿಲ್ಲ. ಆದರೂ ಪ್ರಕರಣಗಳು ಹಿಂದಿನ ವರ್ಷದ 107ರಿಂದ 160ಕ್ಕೆ ಏರಿದವು. 2014ರಲ್ಲಿ 154 ಇದ್ದದ್ದು 2015ರಲ್ಲಿ 257, 2016ರಲ್ಲಿ 307. ಆ ಎರಡು ವರ್ಷಗಳಲ್ಲಿ ಪ್ಯಾರಿಸ್, ಸ್ಯಾನ್ ಬರ್ನಾರ್ಡಿನೊ, ಆರ್ಲ್ಯಾಂಡೊ ದಾಳಿಗಳೂ ನಡೆದವು, ಅಧ್ಯಕ್ಷೀಯ ಚುನಾವಣೆಯ ಪ್ರಚಾರವೂ ನಡೆಯಿತು. 2015ರ ಡಿಸೆಂಬರ್ 7ರಂದು ಡೊನಾಲ್ಡ್ ಟ್ರಂಪ್ ಮುಸ್ಲಿಮರಿಗೆ ದೇಶದ ಬಾಗಿಲನ್ನೇ ಪೂರ್ತಿ ಮುಚ್ಚಬೇಕೆಂದು ಕರೆಕೊಟ್ಟರು. ದಾಳಿಯಿಂದ ಹುಟ್ಟುವ ಭಯ ತಾನಾಗಿ ದ್ವೇಷವಾಗುವುದಿಲ್ಲ. ವೇದಿಕೆಯ ಮೇಲಿರುವವರು ಅದಕ್ಕೆ ಒಂದು ಮುಖ, ಒಂದು ಹೆಸರು ಕೊಟ್ಟಾಗ ಆಗುತ್ತದೆ.

2010ರಲ್ಲಿ ಅಂಥದ್ದೇನಾಯಿತು?

ನ್ಯೂಯಾರ್ಕ್‌ನಲ್ಲಿ ಅವಳಿ ಕಟ್ಟಡಗಳಿದ್ದ ಜಾಗದಿಂದ (ಅದನ್ನು ‘ಗ್ರೌಂಡ್ ಝೀರೊ’ ಎನ್ನುತ್ತಾರೆ) ಎರಡು ಬೀದಿ ಆಚೆ, ಹಿಂದೆ ಬಟ್ಟೆ ಅಂಗಡಿಯಿದ್ದ ಒಂದು ಕಟ್ಟಡದಲ್ಲಿ ಸಭಾಂಗಣ, ಈಜುಕೊಳ, ಪ್ರಾರ್ಥನಾ ಸ್ಥಳ ಇರುವ ಸಮುದಾಯ ಕೇಂದ್ರ ಕಟ್ಟುವ ಯೋಜನೆ ಇತ್ತು. ಹೆಸರು ಪಾರ್ಕ್51. 2009ರ ಡಿಸೆಂಬರ್‌ನಲ್ಲೇ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು, ಗದ್ದಲವೇನೂ ಆಗಲಿಲ್ಲ. 2010ರ ಮೇನಲ್ಲಿ ಸ್ಥಳೀಯ ಸಮುದಾಯ ಮಂಡಳಿ 29–1 ಮತಗಳಿಂದ ಬೆಂಬಲಿಸಿತು. ಅದೇ ತಿಂಗಳು ಕೆಲವು ಬ್ಲಾಗರ್‌ಗಳು ಅದನ್ನು ‘ಗ್ರೌಂಡ್ ಝೀರೊ ಮಸೀದಿ’ ಎಂದು ಕರೆದರು. ಟಿವಿಗಳು ಆ ಹೆಸರನ್ನೇ ಹಿಡಿದವು. ನವೆಂಬರ್‌ನಲ್ಲಿ ಸಂಸತ್ ಚುನಾವಣೆ ಇದ್ದುದರಿಂದ ದೂರದ ರಾಜ್ಯಗಳ ಅಭ್ಯರ್ಥಿಗಳ ಭಾಷಣದಲ್ಲೂ ಅದು ಬಂತು. ಜಾಗ ಅದೇ, ನಕ್ಷೆ ಅದೇ. ಆರು ತಿಂಗಳಲ್ಲಿ ಬದಲಾದದ್ದು ಹೆಸರು ಮಾತ್ರ.

ಕಿಡಿ ಅಲ್ಲಿಗೆ ನಿಲ್ಲಲಿಲ್ಲ. ಟೆನ್ನೆಸ್ಸಿಯ ಮರ್ಫ್ರೀಸ್‌ಬರೋ ಎಂಬ ಊರಲ್ಲಿ ಮಸೀದಿ ಕಟ್ಟುತ್ತಿದ್ದ ಜಾಗದ ಯಂತ್ರಗಳಿಗೆ ಆಗಸ್ಟ್‌ನಲ್ಲಿ ಬೆಂಕಿ ಇಟ್ಟರು. ಕೋರ್ಟಿಗೆ ಹೋದ ವಿರೋಧಿಗಳ ಪರ ವಕೀಲರು, ಇಸ್ಲಾಂ ಧರ್ಮವೇ ಅಲ್ಲ, ಆದ್ದರಿಂದ ಧಾರ್ಮಿಕ ಕಟ್ಟಡದ ಅನುಮತಿ ಅದಕ್ಕೆ ಸಲ್ಲದು ಎಂಬ ವಾದ ಎತ್ತಿದರು. ಇಸ್ಲಾಂ ಒಂದು ಧರ್ಮ ಹೌದು ಎಂದು ಅಮೆರಿಕದ ನ್ಯಾಯ ಇಲಾಖೆ ಕೋರ್ಟಿಗೆ ಲಿಖಿತವಾಗಿ ಹೇಳಬೇಕಾಯಿತು. 2012ರ ಆಗಸ್ಟ್‌ನಲ್ಲಿ ಮಸೀದಿ ತೆರೆಯಿತು.

ಅಮೆರಿಕದಲ್ಲಿ ಷರಿಯಾ ಕಾನೂನು ಜಾರಿಗೆ ಬರುತ್ತಿದೆ ಎಂದು ವಾಟ್ಸಾಪ್‌ನಲ್ಲಿ ಓದಿದೆವು. ನಿಜವೇ?

ಇಲ್ಲ. 2010ರ ನವೆಂಬರ್‌ನಲ್ಲಿ ಓಕ್ಲಹಾಮ ರಾಜ್ಯ, ನ್ಯಾಯಾಲಯಗಳು ಷರಿಯಾ ಬಳಸಬಾರದು ಎಂಬ ಸಂವಿಧಾನ ತಿದ್ದುಪಡಿಯನ್ನು ಶೇ 70 ಮತಗಳಿಂದ ಅಂಗೀಕರಿಸಿತು. ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೇಳಿದಾಗ, ಓಕ್ಲಹಾಮದ ಯಾವುದೇ ಕೋರ್ಟು ಷರಿಯಾ ಅನ್ವಯಿಸಿದ ಒಂದೇ ಒಂದು ಉದಾಹರಣೆಯನ್ನೂ ರಾಜ್ಯಕ್ಕೆ ಕೊಡಲಾಗಲಿಲ್ಲ. 2013ರಲ್ಲಿ ಆ ತಿದ್ದುಪಡಿಗೆ ಶಾಶ್ವತ ತಡೆ ಬಿತ್ತು. ಆದರೂ ಒಂದೇ ಮಾದರಿಯ ಕರಡು ಇಟ್ಟುಕೊಂಡು ಹತ್ತಾರು ರಾಜ್ಯಗಳಲ್ಲಿ ಇಂಥ ಮಸೂದೆಗಳು ಬಂದವು.

ಗೊಂದಲದ ಮೂಲ ಮಧ್ಯಸ್ಥಿಕೆಯಲ್ಲಿದೆ. ಎರಡು ಕಡೆಯವರೂ ಒಪ್ಪಿ ತಮ್ಮ ವ್ಯಾಪಾರದ ಜಗಳವನ್ನು ಒಬ್ಬ ಮಧ್ಯಸ್ಥನ ಮುಂದಿಡಬಹುದು ಎಂದು 1925ರ ಫೆಡರಲ್ ಕಾನೂನು ಹೇಳುತ್ತದೆ. ಯಹೂದಿಗಳ ಬೇತ್ ದಿನ್ ಎಂಬ ಧಾರ್ಮಿಕ ಪಂಚಾಯಿತಿಗಳು, ಕ್ರೈಸ್ತ ಮಧ್ಯಸ್ಥಿಕೆ ಮಂಡಳಿಗಳು ಅದರಡಿ ನಡೆಯುತ್ತವೆ. ಮುಸ್ಲಿಮರೂ ಅದನ್ನೇ ಮಾಡಿದಾಗ ಮಾತ್ರ ಅದು ‘ಷರಿಯಾ ಕೋರ್ಟ್’ ಎಂಬ ಗುಮ್ಮನಾಗುತ್ತದೆ. ಈ ಮಂಡಳಿಗಳಿಗೆ ಯಾರನ್ನೂ ಶಿಕ್ಷಿಸುವ ಅಧಿಕಾರವಿಲ್ಲ. ದೇಶದ ಕಾನೂನಿಗೆ ವಿರುದ್ಧವಾದ ತೀರ್ಪನ್ನು ಕೋರ್ಟು ಜಾರಿಮಾಡುವುದಿಲ್ಲ.

ಕಚೇರಿ, ನಿಯಮದ ಹೆಸರಲ್ಲಿ ಪೂರ್ವಗ್ರಹ ಹೇಗೆ ನಡೆಯುತ್ತದೆ? ಒಂದು ಉದಾಹರಣೆ ಕೊಡಿ.

ನ್ಯೂಜೆರ್ಸಿಯ ಬರ್ನಾರ್ಡ್ಸ್ ಟೌನ್‌ಶಿಪ್ ನೋಡಿ. ಬಾಸ್ಕಿಂಗ್ ರಿಡ್ಜ್ ಇಸ್ಲಾಮಿಕ್ ಸೊಸೈಟಿ 2012ರಲ್ಲಿ ಅಲ್ಲಿ ಸುಮಾರು 150 ಜನ ಸೇರುವ ಮಸೀದಿಗೆ ಅರ್ಜಿ ಹಾಕಿತು. ಮುಂದೆ ನಿಂತವರು ಅದೇ ಟೌನ್‌ಶಿಪ್‌ನ ಮಾಜಿ ಮೇಯರ್. ಊರಿನ ನಿಯಮದಲ್ಲಿ ಚರ್ಚಿಗೆ ಮೂರು ಆಸನಕ್ಕೆ ಒಂದು ಕಾರ್ ಪಾರ್ಕಿಂಗ್. ಆ ಲೆಕ್ಕದಲ್ಲಿ 150 ಜನಕ್ಕೆ 50 ಜಾಗ ಸಾಕು, ನಕ್ಷೆಯಲ್ಲಿ ಅಷ್ಟನ್ನು ತೋರಿಸಿದ್ದರು. ‘ಚರ್ಚ್’ ಎಂಬ ಪದ ಮಸೀದಿಗೆ ಅನ್ವಯಿಸುವುದಿಲ್ಲ ಎಂದು ಯೋಜನಾ ಮಂಡಳಿ 107 ಜಾಗ ಕೇಳಿತು.

ಒಂದು ಅಂಕಿ ಬದಲಾದರೆ ಏನಾಗುತ್ತದೆ ಗೊತ್ತೇ? ಪಾರ್ಕಿಂಗ್ ದುಪ್ಪಟ್ಟಾದರೆ ಡಾಂಬರು ಹೆಚ್ಚು, ಮಳೆನೀರು ಇಂಗುವ ನೆಲ ಕಡಿಮೆ. ಚರಂಡಿಯ ನಕ್ಷೆ ಮತ್ತೆ ಬರೆಸಬೇಕು, ಮರಗಳ ಸಾಲು ಸರಿಸಬೇಕು, ಅಗ್ನಿಶಾಮಕ ವಾಹನ ತಿರುಗುವ ಜಾಗ ಮತ್ತೆ ಅಳೆಯಬೇಕು. ಪ್ರತಿ ಬದಲಾವಣೆಗೂ ಇಂಜಿನಿಯರ್ ಫೀಸು, ಹೊಸ ವಿಚಾರಣೆ, ಹೊಸ ಆಕ್ಷೇಪ. ಹೀಗೆ 39 ವಿಚಾರಣೆ ನಡೆದು, ಸುಮಾರು ಮೂರೂವರೆ ವರ್ಷ ಕಳೆದು, ಅರ್ಜಿ ತಿರಸ್ಕೃತವಾಯಿತು. ‘ಮುಸ್ಲಿಮರು ಬೇಡ’ ಎಂಬ ಮಾತು ಅದಕ್ಕೆ ಬೇಕಾಗಲೇ ಇಲ್ಲ.

2016ರಲ್ಲಿ ಸೊಸೈಟಿ ಕೋರ್ಟಿಗೆ ಹೋಯಿತು, ನ್ಯಾಯ ಇಲಾಖೆಯೂ ಪ್ರತ್ಯೇಕ ದಾವೆ ಹೂಡಿತು. ಪಾರ್ಕಿಂಗ್ ವಿಷಯದಲ್ಲಿ ಧರ್ಮಧರ್ಮಗಳ ನಡುವೆ ಭೇದ ಮಾಡಲಾಗಿದೆ ಎಂದು ನ್ಯಾಯಾಧೀಶರು ಡಿಸೆಂಬರ್ 31ರಂದು ತೀರ್ಪಿತ್ತರು. 2017ರ ಮೇನಲ್ಲಿ ಟೌನ್‌ಶಿಪ್ 32.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡು ಮಸೀದಿಗೆ ಅನುಮತಿ ನೀಡಿತು.

ಇಲ್ಲಿ ನೆರವಾದದ್ದು 2000ನೇ ಇಸವಿಯ ಧಾರ್ಮಿಕ ಭೂಬಳಕೆ ಕಾನೂನು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವಕೀಲರು ‘ಅರ್‌ಲೂಪಾ’ ಎನ್ನುತ್ತಾರೆ. ದೇವಸ್ಥಾನ, ಗುರುದ್ವಾರ ಕಟ್ಟುವವರಿಗೂ ಇದೇ ಆಸರೆ. ಸಮಿತಿಗಳು ಮೊದಲ ದಿನದಿಂದಲೇ ಮೂರು ಕೆಲಸ ಮಾಡಬೇಕು. ಪ್ರತಿ ವಿಚಾರಣೆಯ ನಡಾವಳಿಯ ಪ್ರತಿ ಪಡೆಯಿರಿ. ಅದೇ ಊರಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಮಂಜೂರಾದ ಚರ್ಚುಗಳ ಕಡತಗಳನ್ನು ಸಾರ್ವಜನಿಕ ದಾಖಲೆ ಕಾನೂನಿನಡಿ ಕೇಳಿ ಪಡೆಯಿರಿ. ಅಧಿಕಾರಿಗಳು ಬಾಯಲ್ಲಿ ಹೇಳಿದ್ದನ್ನು ಅಂದೇ ಇಮೇಲ್‌ನಲ್ಲಿ ಬರೆದು ‘ಹೀಗೆ ಹೇಳಿದಿರಿ ಎಂದು ತಿಳಿದಿದ್ದೇವೆ’ ಎಂದು ಕಳಿಸಿ. ಹೋಲಿಸಿ ತೋರಿಸಲು ಪಕ್ಕದ ಚರ್ಚಿನ ಕಡತವಿಲ್ಲದಿದ್ದರೆ ಭೇದಭಾವ ಸಾಬೀತುಪಡಿಸುವುದು ಬಹಳ ಕಷ್ಟ.

ಫೆಡರಲ್ ಸರ್ಕಾರ, ಪೊಲೀಸರು ನೇರವಾಗಿ ಏನು ಮಾಡಿದ್ದಾರೆ?

2002ರಲ್ಲಿ ‘ವಿಶೇಷ ನೋಂದಣಿ’ ಶುರುವಾಯಿತು. 25 ದೇಶಗಳಿಂದ ತಾತ್ಕಾಲಿಕ ವೀಸಾದಲ್ಲಿ ಬಂದಿದ್ದ, 16 ವರ್ಷ ತುಂಬಿದ ಗಂಡಸರು ತಾವಾಗಿ ವಲಸೆ ಕಚೇರಿಗೆ ಹೋಗಿ ಬೆರಳಚ್ಚು, ಫೋಟೊ ಕೊಡಬೇಕಿತ್ತು. ಉತ್ತರ ಕೊರಿಯಾ ಬಿಟ್ಟರೆ ಉಳಿದ ಬಹುತೇಕ ದೇಶಗಳಲ್ಲಿ ಮುಸ್ಲಿಮರೇ ಬಹುಸಂಖ್ಯಾತರು. 80,000ಕ್ಕೂ ಹೆಚ್ಚು ಜನ ಹೋಗಿ ನಿಂತರು. ಸುಮಾರು 13,000 ಜನರ ಮೇಲೆ ಗಡೀಪಾರು ಪ್ರಕ್ರಿಯೆ ಶುರುವಾಯಿತು. ಭಯೋತ್ಪಾದನೆಯ ಒಂದು ಶಿಕ್ಷೆಯೂ ಅದರಿಂದ ಬರಲಿಲ್ಲ. 2011ರಲ್ಲಿ ಅದು ನಿಂತಿತು, 2016ರ ಡಿಸೆಂಬರ್‌ನಲ್ಲಿ ನಿಯಮಪುಸ್ತಕದಿಂದಲೂ ಹೋಯಿತು.

ನ್ಯೂಯಾರ್ಕ್ ಪೊಲೀಸರ ಒಂದು ಘಟಕದವರು ಮುಸ್ಲಿಮರ ಹೋಟೆಲು, ಪುಸ್ತಕದಂಗಡಿ, ಮಸೀದಿ, ವಿದ್ಯಾರ್ಥಿ ಸಂಘಗಳಲ್ಲಿ ಗುಟ್ಟಾಗಿ ಕೂತು ಯಾರು ಏನು ಮಾತಾಡುತ್ತಾರೆಂದು ಬರೆದುಕೊಳ್ಳುತ್ತಿದ್ದುದನ್ನು ಅಸೋಸಿಯೇಟೆಡ್ ಪ್ರೆಸ್ 2011ರಲ್ಲಿ ಬಯಲಿಗೆಳೆಯಿತು. ಆ ಘಟಕದ ಕೆಲಸದಿಂದ ಭಯೋತ್ಪಾದನೆಯ ಒಂದು ತನಿಖೆಯೂ ಹುಟ್ಟಲಿಲ್ಲ ಎಂದು ಹಿರಿಯ ಅಧಿಕಾರಿಯೊಬ್ಬರು 2012ರಲ್ಲಿ ಪ್ರಮಾಣ ಮಾಡಿ ಒಪ್ಪಿಕೊಂಡರು. 2014ರಲ್ಲಿ ಘಟಕ ಮುಚ್ಚಿತು. ಆದರೆ ಪಕ್ಕದ ಟೇಬಲ್‌ನವನು ಯಾರೋ ಎಂಬ ಅನುಮಾನ ಒಮ್ಮೆ ಹೊಕ್ಕರೆ ಘಟಕ ಮುಚ್ಚಿದ ಮಾತ್ರಕ್ಕೆ ಹೋಗುವುದಿಲ್ಲ.

ಪ್ರವೇಶ ನಿಷೇಧ ಈಗಲೂ ಇದೆಯೇ?

ಟ್ರಂಪ್ 2017ರ ಜನವರಿ 27ರಂದು ಹೊರಡಿಸಿದ ಮೊದಲ ಆದೇಶ ಇರಾನ್, ಇರಾಕ್, ಲಿಬಿಯಾ, ಸೊಮಾಲಿಯಾ, ಸುಡಾನ್, ಸಿರಿಯಾ, ಯೆಮೆನ್ ದೇಶದವರನ್ನು 90 ದಿನ ತಡೆದಿತ್ತು. ತಿದ್ದಿದ ಮೂರನೇ ಆವೃತ್ತಿಯನ್ನು ಸುಪ್ರೀಂ ಕೋರ್ಟ್ 2018ರ ಜೂನ್‌ನಲ್ಲಿ 5–4ರಿಂದ ಎತ್ತಿಹಿಡಿಯಿತು. 2021ರ ಜನವರಿ 20ರಂದು ಬೈಡನ್ ಅದನ್ನು ರದ್ದು ಮಾಡಿದರು. 2025ರ ಜೂನ್‌ನಲ್ಲಿ ಟ್ರಂಪ್ 12 ದೇಶಗಳ ಮೇಲೆ ಮತ್ತೆ ನಿಷೇಧ ಹೇರಿದರು. ಭಾರತ ಆ 12ರಲ್ಲಿ ಇರಲಿಲ್ಲ. ಟಿಕೆಟ್ ತೆಗೆಯುವ ಮೊದಲು ಅಮೆರಿಕದ ವಿದೇಶಾಂಗ ಇಲಾಖೆಯ ಆ ದಿನದ ಪಟ್ಟಿ ನೋಡಿ.

ನಾವು ಹಿಂದೂಗಳು. ನಮಗೂ ಇದಕ್ಕೂ ಏನು ಸಂಬಂಧ?

ದ್ವೇಷ ಹೊತ್ತವನು ಜಾತಿ ಪ್ರಮಾಣಪತ್ರ ಕೇಳಿ ಗುಂಡು ಹಾರಿಸುವುದಿಲ್ಲ. 2001ರ ಸೆಪ್ಟೆಂಬರ್ 15ರಂದು ಅರಿಜೋನಾದ ಮೆಸಾದಲ್ಲಿ ತನ್ನ ಪೆಟ್ರೋಲ್ ಬಂಕಿನ ಮುಂದೆ ಹೂಗಿಡ ನೆಡುತ್ತಿದ್ದ ಸಿಖ್ಖರೊಬ್ಬರನ್ನು ಕೊಂದರು. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಆರು ಜನರನ್ನು ಕೊಂದರು, ಗಾಯಗೊಂಡ ಏಳನೆಯವರು 2020ರಲ್ಲಿ ತೀರಿಕೊಂಡರು. 2017ರ ಫೆಬ್ರವರಿ 22ರಂದು ಕಾನ್ಸಸ್‌ನ ಒಲೇತದಲ್ಲಿ ಕೆಲಸ ಮುಗಿಸಿ ಬಾರ್‌ನಲ್ಲಿ ಕೂತಿದ್ದ ಇಬ್ಬರು ಭಾರತೀಯ ಇಂಜಿನಿಯರ್‌ಗಳ ಬಳಿ ಒಬ್ಬ ಬಂದು ವೀಸಾ ವಿಚಾರಿಸಿದ. ಹೊರಗೆ ಕಳಿಸಿದ ಮೇಲೆ ಬಂದೂಕು ಹಿಡಿದು ವಾಪಸು ಬಂದ. ಹೈದರಾಬಾದ್ ಕಡೆಯವರೊಬ್ಬರು ಸತ್ತರು, ಅವರ ಗೆಳೆಯ ಗಾಯಗೊಂಡರು, ತಡೆಯಲು ಹೋದ ಅಮೆರಿಕನ್ ಒಬ್ಬರಿಗೂ ಗುಂಡು ತಾಗಿತು. ಇಬ್ಬರು ಇರಾನಿಗಳಿಗೆ ಗುಂಡು ಹೊಡೆದೆ ಎಂದು ಕೊಲೆಗಾರ ಆಮೇಲೆ ಇನ್ನೊಂದು ಕಡೆ ಹೇಳಿಕೊಂಡಿದ್ದ.

‘ನಾನು ಮುಸ್ಲಿಂ ಅಲ್ಲ’ ಎಂದು ಹೇಳಿ ಪಾರಾಗೋಣ ಎನ್ನುವವರಿದ್ದಾರೆ. ಮಾತಾಡಲು ಸಮಯ ಸಿಕ್ಕಿದರೆ ತಾನೇ? ಸಿಕ್ಕಿದರೂ ಆ ಉತ್ತರದ ಅರ್ಥ, ಮುಸ್ಲಿಮನಾಗಿದ್ದರೆ ಹೊಡೆಯಬಹುದಿತ್ತು ಎಂದಾಗುತ್ತದೆ. 2008ರ ಅಕ್ಟೋಬರ್‌ನಲ್ಲಿ, ಒಬಾಮಾ ಮುಸ್ಲಿಂ ಎಂಬ ಗಾಳಿಮಾತು ಹಬ್ಬಿದ್ದಾಗ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಟಿವಿಯಲ್ಲಿ ಇದನ್ನೇ ಕೇಳಿದರು: ಅವರು ಕ್ರೈಸ್ತರು, ಸರಿ. ಮುಸ್ಲಿಮರೇ ಆಗಿದ್ದರೆ ತಪ್ಪೇನು?

ಎಫ್‌ಬಿಐ ಅಂಕಿಗಳನ್ನು ಎಷ್ಟು ನಂಬಬಹುದು?

ದಿಕ್ಕು ತಿಳಿಯಲು ನಂಬಬಹುದು, ಪ್ರಮಾಣ ತಿಳಿಯಲು ಆಗದು. ಸ್ಥಳೀಯ ಪೊಲೀಸರು ಫೆಡರಲ್ ಸರ್ಕಾರಕ್ಕೆ ಲೆಕ್ಕ ಕೊಡುವುದು ಕಡ್ಡಾಯವಲ್ಲ. ಎಷ್ಟೋ ಊರುಗಳು ಸೊನ್ನೆ ಎಂದು ಬರೆಯುತ್ತವೆ ಅಥವಾ ಏನೂ ಕಳಿಸುವುದಿಲ್ಲ. ಅರ್ಧದಷ್ಟು ಸಂತ್ರಸ್ತರು ಪೊಲೀಸರ ಬಳಿಗೇ ಹೋಗುವುದಿಲ್ಲ ಎಂದು ನ್ಯಾಯ ಇಲಾಖೆಯ ಸಮೀಕ್ಷೆಗಳೇ ಹೇಳುತ್ತವೆ. 2016ರಲ್ಲಿ ಟಲ್ಸಾದಲ್ಲಿ ಲೆಬನಾನ್ ಮೂಲದ ಕ್ರೈಸ್ತ ಕುಟುಂಬದ ಮಗನನ್ನು, ಅವರನ್ನು ವರ್ಷಗಟ್ಟಲೆ ‘ಕೊಳಕು ಅರಬರು’ ಎಂದು ಬೈಯುತ್ತಿದ್ದ ನೆರೆಯವನೇ ಕೊಂದ. ನ್ಯಾಯಾಲಯ ಅದನ್ನು ದ್ವೇಷದ ಅಪರಾಧವೆಂದೇ ನಡೆಸಿತು, ಎಫ್‌ಬಿಐ ಪಟ್ಟಿಯಲ್ಲಿ ಮಾತ್ರ ಅದು ಸೇರಲಿಲ್ಲ. ಕೊಲೆಯಾದ ಆ ಮಗನ ಹೆಸರನ್ನು ಸೇರಿಸಿಕೊಂಡೇ 2021ರಲ್ಲಿ ವರದಿ ಸುಧಾರಣೆಯ ಕಾನೂನು ಬಂತು.

ಗಾಝಾ ಯುದ್ಧದ ನಂತರ ಪರಿಸ್ಥಿತಿ ಹೇಗಿದೆ?

ಮತ್ತೆ ಕೆಟ್ಟಿದೆ. 2023ರ ಅಕ್ಟೋಬರ್ 14ರಂದು ಇಲಿನಾಯ್‌ನ ಪ್ಲೇನ್‌ಫೀಲ್ಡ್‌ನಲ್ಲಿ ಪ್ಯಾಲೆಸ್ಟೈನ್ ಮೂಲದ ಆರು ವರ್ಷದ ಹುಡುಗನನ್ನು ಮನೆಯ ಮಾಲೀಕ 26 ಬಾರಿ ಇರಿದು ಕೊಂದ, ತಾಯಿಯನ್ನೂ ಇರಿದ. ಎರಡು ವರ್ಷದಿಂದ ಅದೇ ಮನೆಯಲ್ಲಿ ಬಾಡಿಗೆಗಿದ್ದ ಕುಟುಂಬ ಅದು. ಅವನು ರೇಡಿಯೊದ ರಾಜಕೀಯ ಚರ್ಚೆಗಳನ್ನು ಕೇಳುತ್ತ ಯುದ್ಧದ ಸುದ್ದಿಯಲ್ಲೇ ಮುಳುಗಿದ್ದ ಎಂದು ಪ್ರಾಸಿಕ್ಯೂಟರ್‌ಗಳು ಕೋರ್ಟಿಗೆ ಹೇಳಿದರು. 2025ರಲ್ಲಿ 53 ವರ್ಷದ ಶಿಕ್ಷೆಯಾಯಿತು. ಅದೇ ತಿಂಗಳುಗಳಲ್ಲಿ ಯಹೂದಿಗಳ ಮೇಲಿನ ದಾಳಿಗಳೂ ತೀವ್ರವಾಗಿ ಏರಿದವು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದು ಎರಡೂ ಕಡೆಯ ಸಂತ್ರಸ್ತರಿಗೆ ಮಾಡುವ ಅನ್ಯಾಯ.

ಮುಸ್ಲಿಮರು ಚುನಾವಣೆ ಗೆಲ್ಲುತ್ತಿದ್ದಾರಲ್ಲ, ಹಾಗಾದರೆ ಪೂರ್ವಗ್ರಹ ಕಡಿಮೆಯಾಗಿಲ್ಲವೇ?

ಎರಡೂ ಒಟ್ಟಿಗೆ ನಡೆಯುತ್ತಿವೆ. 2006ರಲ್ಲಿ ಕೀತ್ ಎಲಿಸನ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಗೆದ್ದ ಮೊದಲ ಮುಸ್ಲಿಂ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬಳಿಯಿದ್ದ ಕುರಾನ್ ಪ್ರತಿಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. ಸದನದಲ್ಲಿ ತಲೆ ಮುಚ್ಚಬಾರದೆಂಬ 1837ರ ನಿಯಮ, ತಲೆವಸ್ತ್ರ ಧರಿಸುವ ಇಲ್ಹಾನ್ ಒಮರ್ ಗೆದ್ದು ಬಂದ ಮೇಲೆ 2019ರ ಜನವರಿಯಲ್ಲಿ ಬದಲಾಯಿತು. 2025ರ ನವೆಂಬರ್‌ನಲ್ಲಿ ಜೋಹ್ರಾನ್ ಮಮ್ದಾನಿ ನ್ಯೂಯಾರ್ಕ್ ಮೇಯರ್ ಆಗಿ, ಹೈದರಾಬಾದ್‌ನಲ್ಲಿ ಹುಟ್ಟಿದ ಗಝಾಲಾ ಹಾಶ್ಮಿ ವರ್ಜೀನಿಯಾದ ಲೆಫ್ಟಿನೆಂಟ್ ಗವರ್ನರ್ ಆಗಿ ಆಯ್ಕೆಯಾದರು. ಅದೇ ವರ್ಷ ಮಮ್ದಾನಿಯವರ ಪೌರತ್ವ ಕಿತ್ತು ಗಡೀಪಾರು ಮಾಡಬೇಕೆಂದು ಒಬ್ಬ ಸಂಸದರು ಸರ್ಕಾರಕ್ಕೆ ಪತ್ರ ಬರೆದರು.

ಕೆಲಸದ ಜಾಗದಲ್ಲಿ ತಲೆವಸ್ತ್ರ, ಗಡ್ಡ, ನಮಾಜಿಗೆ ಅಡ್ಡಿ ಮಾಡಿದರೆ?

15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ 1964ರ ನಾಗರಿಕ ಹಕ್ಕು ಕಾನೂನಿನ ಏಳನೇ ಅಧ್ಯಾಯ ಅನ್ವಯಿಸುತ್ತದೆ. 2015ರಲ್ಲಿ ಅಬರ್‌ಕ್ರಾಂಬಿ ಬಟ್ಟೆ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 8–1ರಿಂದ ತೀರ್ಪಿತ್ತು, ಅಭ್ಯರ್ಥಿ ಬಾಯಿಬಿಟ್ಟು ಕೇಳದಿದ್ದರೂ, ಧಾರ್ಮಿಕ ವಿನಾಯಿತಿ ಕೊಡಬೇಕಾದೀತು ಎಂಬ ಕಾರಣಕ್ಕೇ ಕೆಲಸ ನಿರಾಕರಿಸುವುದು ತಪ್ಪು ಎಂದಿತು. 2023ರ ಇನ್ನೊಂದು ತೀರ್ಪಿನ ನಂತರ ‘ಸ್ವಲ್ಪ ತೊಂದರೆಯಾಗುತ್ತದೆ’ ಎಂಬ ನೆಪ ಸಾಲದು, ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆಂದು ಕಂಪನಿ ತೋರಿಸಬೇಕು.

ಇಷ್ಟಿದ್ದರೂ ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ. ಎಷ್ಟು ಗಂಟೆಗೆ, ಎಷ್ಟು ನಿಮಿಷ, ಯಾವ ದಿನ ಎಂದು ಎಚ್‌ಆರ್‌ಗೆ ಬರೆದು ಕೊಡಿ. ಹೆಚ್ಚಿನವರು ಸೋಲುವುದು ಗಡುವಿನಲ್ಲಿ. ಘಟನೆಯಾದ 180 ದಿನಗಳೊಳಗೆ, ರಾಜ್ಯದಲ್ಲೂ ಇಂಥದೇ ಸಂಸ್ಥೆಯಿದ್ದರೆ 300 ದಿನಗಳೊಳಗೆ, ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಹೋಗಬೇಕು. ಕಂಪನಿಯೊಳಗಿನ ದೂರು ವಿಚಾರಣೆಯಲ್ಲಿದೆ ಎಂದು ಕಾಯುತ್ತ ಕೂತರೆ ಈ ಗಡಿಯಾರ ನಿಲ್ಲುವುದಿಲ್ಲ. ಆಯೋಗದಿಂದ ದಾವೆ ಹೂಡುವ ಅನುಮತಿ ಪತ್ರ ಬಂದರೆ ಕೋರ್ಟಿಗೆ ಹೋಗಲು 90 ದಿನ.

ಪ್ರತಿ ಸಲ ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆಯುತ್ತಾರೆ. ಏನು ಮಾಡಬೇಕು?

ಬೋರ್ಡಿಂಗ್ ಪಾಸ್ ಮೇಲೆ ‘ಎಸ್ ಎಸ್ ಎಸ್ ಎಸ್’ ಎಂದಿದೆಯೇ ನೋಡಿ. ಇದ್ದರೆ ಹೆಚ್ಚುವರಿ ತಪಾಸಣೆಗೆ ಮೊದಲೇ ಆರಿಸಿದ್ದಾರೆ ಎಂದರ್ಥ. ಕೆಲವೊಮ್ಮೆ ಪಟ್ಟಿಯಲ್ಲಿರುವ ಇನ್ನಾರದೋ ಹೆಸರು ನಿಮ್ಮದಕ್ಕೆ ಹೋಲುವುದೇ ಕಾರಣ. ಆಂತರಿಕ ಭದ್ರತಾ ಇಲಾಖೆಯ ‘ಟ್ರಿಪ್’ ಎಂಬ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟ್ ಪ್ರತಿಯೊಡನೆ ಆನ್‌ಲೈನ್ ಅರ್ಜಿ ಹಾಕಿದರೆ ಏಳು ಅಂಕಿಯ ರಿಡ್ರೆಸ್ ಸಂಖ್ಯೆ ಸಿಗುತ್ತದೆ. ಅದನ್ನು ಪ್ರತಿ ಟಿಕೆಟ್ ಬುಕ್ ಮಾಡುವಾಗಲೂ ತುಂಬಬೇಕು. ಒಮ್ಮೆ ಪಡೆದು ಮರೆತರೆ ಪ್ರಯೋಜನವಿಲ್ಲ. ಪಾಸ್‌ಪೋರ್ಟ್, ಟಿಕೆಟ್ ಎರಡರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಇನಿಷಿಯಲ್ ಇರುವ ನಮ್ಮ ಕಡೆಯ ಹೆಸರುಗಳಲ್ಲಿ ತೊಡಕಾಗುವುದು ಇಲ್ಲೇ. ತಲೆವಸ್ತ್ರವನ್ನು ತಪಾಸಿಸಬೇಕಾದರೆ ಖಾಸಗಿ ಕೋಣೆ ಮತ್ತು ಮಹಿಳಾ ಅಧಿಕಾರಿಯನ್ನು ಕೇಳುವ ಹಕ್ಕಿದೆ.

ಶಾಲೆಯಲ್ಲಿ ಮಗುವನ್ನು ‘ಟೆರರಿಸ್ಟ್’ ಎಂದು ಕರೆಯುತ್ತಾರೆ. ಯಾರಿಗೆ ಹೇಳಬೇಕು?

ಮೊದಲು ತರಗತಿಯ ಟೀಚರ್‌ಗೆ, ಅದೇ ದಿನ ಪ್ರಿನ್ಸಿಪಾಲರಿಗೆ, ಇಮೇಲ್‌ನಲ್ಲೇ. ಶಿಕ್ಷಣ ಇಲಾಖೆಯ ನಾಗರಿಕ ಹಕ್ಕು ಕಚೇರಿಗೆ 180 ದಿನಗಳೊಳಗೆ ದೂರು ಕೊಡಬಹುದು. ಆ ಕಚೇರಿ ನೋಡುವ ಕಾನೂನಿನಲ್ಲಿ ಜನಾಂಗ, ಬಣ್ಣ, ರಾಷ್ಟ್ರಮೂಲ ಇವೆ, ‘ಧರ್ಮ’ ಎಂಬ ಪದವಿಲ್ಲ. ಹಾಗಾಗಿ ಮಗುವಿನ ಮೂಲ ದೇಶ, ವಂಶ, ಮೈಬಣ್ಣದ ಬಗ್ಗೆ ಏನು ಅಂದರು ಎಂಬುದನ್ನೂ ಬಿಡದೆ ಬರೆಯಿರಿ. ಅದಿಲ್ಲದೆ ಧರ್ಮ ಮಾತ್ರ ಬರೆದ ದೂರು ವಾಪಸು ಬರುವ ಸಾಧ್ಯತೆಯಿದೆ.

ಬೀದಿಯಲ್ಲಿ, ಮನೆ ಮುಂದೆ ದಾಳಿಯೋ ಬೆದರಿಕೆಯೋ ಆದರೆ?

ಅಪಾಯ ಎದುರಿಗಿದ್ದರೆ 911. ಆಮೇಲಿನ ಕೆಲಸವೆಲ್ಲ ಸಾಕ್ಷ್ಯ ಉಳಿಸುವುದು. ದ್ವೇಷದ ಅಪರಾಧದಲ್ಲಿ ಕೃತ್ಯದ ಜೊತೆಗೆ ಉದ್ದೇಶವನ್ನೂ ಸಾಬೀತು ಮಾಡಬೇಕು, ಉದ್ದೇಶ ತೋರಿಸುವುದು ಆಡಿದ ಮಾತು. ಆದ್ದರಿಂದ ‘ಕೆಟ್ಟದಾಗಿ ಬೈದ’ ಎಂದು ಬರೆಸಬೇಡಿ. ಅವನು ಇಂಗ್ಲಿಷಿನಲ್ಲಿ ಆಡಿದ ಪದಗಳನ್ನು, ಬಾಯಿಗೆ ತರಲು ಸಂಕೋಚವಾದರೂ, ಹಾಗೆಹಾಗೇ ಬರೆಸಿ. ಗೋಡೆಯ ಬರಹವನ್ನು ಒರೆಸುವ ಮುನ್ನ ಹತ್ತಿರದಿಂದ, ದೂರದಿಂದ ಫೋಟೊ ತೆಗೆಯಿರಿ. ಡೋರ್‌ಬೆಲ್ ಕ್ಯಾಮೆರಾದ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುವುದರಿಂದ ಅಂದೇ ಇಳಿಸಿಕೊಳ್ಳಿ, ನೆರೆಯವರನ್ನೂ ಕೇಳಿ. ಪೊಲೀಸ್ ವರದಿಯಲ್ಲಿ ‘ಬಯಾಸ್’ (ಪೂರ್ವಗ್ರಹ) ಎಂಬ ಪದ ದಾಖಲಾಗಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಲು ಕೇಳಿ, ಪ್ರಕರಣದ ಸಂಖ್ಯೆ ಪಡೆಯಿರಿ. ಸ್ಥಳೀಯ ಪೊಲೀಸರು ಹಗುರವಾಗಿ ತೆಗೆದುಕೊಂಡರೆ ಎಫ್‌ಬಿಐ ಜಾಲತಾಣದಲ್ಲೂ ನ್ಯಾಯ ಇಲಾಖೆಯ ನಾಗರಿಕ ಹಕ್ಕು ವಿಭಾಗದಲ್ಲೂ ಪ್ರತ್ಯೇಕವಾಗಿ ದೂರು ಕೊಡಬಹುದು. ವೀಸಾದ ಮೇಲಿರುವವರು, ಕಾಗದಪತ್ರದ ತೊಡಕಿರುವವರು ದೂರು ಕೊಡುವ ಮೊದಲು ವಲಸೆ ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು.

ಬೇರೆಯವರ ಮೇಲೆ ಹೀಗೆ ನಡೆಯುವುದನ್ನು ಕಂಡರೆ?

ಬೈಯುವವನ ಜೊತೆ ವಾದಕ್ಕಿಳಿಯಬೇಡಿ. 2017ರ ಮೇನಲ್ಲಿ ಪೋರ್ಟ್‌ಲ್ಯಾಂಡ್‌ನ ರೈಲಿನಲ್ಲಿ ಇಬ್ಬರು ಹುಡುಗಿಯರ ಪರ ನಿಂತ ಇಬ್ಬರು ಗಂಡಸರು ಚಾಕು ಇರಿತಕ್ಕೆ ಬಲಿಯಾದರು, ಮೂರನೆಯವರು ಬದುಕುಳಿದರು. ಬೈಸಿಕೊಳ್ಳುತ್ತಿರುವವರ ಪಕ್ಕ ಹೋಗಿ ಕೂತು ಬೇರೆ ಯಾವುದೋ ಮಾತು ತೆಗೆಯಿರಿ: ಈ ರೈಲು ಎಲ್ಲಿಗೆ ಹೋಗುತ್ತದೆ, ಟೈಮೆಷ್ಟು. ಚಾಲಕನಿಗೋ ಸಿಬ್ಬಂದಿಗೋ ತಿಳಿಸಿ. ಇನ್ನೊಬ್ಬರು ಆಗಲೇ ನೆರವಿಗೆ ನಿಂತಿದ್ದರೆ ಮಾತ್ರ ದೂರದಿಂದ ವಿಡಿಯೊ ಮಾಡಿ. ಅದನ್ನು ನೀವಾಗಿ ಎಲ್ಲೂ ಹಾಕಬೇಡಿ, ಸಂತ್ರಸ್ತರ ಕೈಗೆ ಕೊಡಿ. ಮುಂದಿನ ನಿಲ್ದಾಣದಲ್ಲಿ ಅವರು ಇಳಿಯುವಾಗ, ಬೇಕೆಂದರೆ ಜೊತೆಗೆ ಇಳಿದು, ಮನೆಯವರು ಬರುವತನಕ ನಿಲ್ಲಿ.